ಸುಗ್ಗಿಯ ಬೆನ್ನು ಹತ್ತಿ ಪರದೇಶಕ್ಕೆ

ಗುಳೆ ಎಂಬ ಮಾತು ತುರ್ಭೆಯ ಕನ್ನಡಿಗರಿಗೆ ಹೊಸದಲ್ಲ. ಕಲಬುರ್ಗಿ, ವಿಜಯಪುರ, ರಾಯಚೂರು, ಯಾದಗಿರಿಗಳ ಕಡೆಯಿಂದ, ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ ಸೀಮೆಗೆ ಬಂದವರ ಮಕ್ಕಳು ಮೊಮ್ಮಕ್ಕಳೇ ನಮ್ಮಲ್ಲಿ ಅನೇಕರು. ಊರಲ್ಲಿ ಉಳಿದ ಬಂಧುಗಳಲ್ಲಿ ಇಂದಿಗೂ ಕೆಲವರು ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು ಬೆಳಗಾವಿ, ಕೊಲ್ಲಾಪುರ, ಸಾಂಗಲಿಗಳ ಕಡೆಗೆ ಹೋಗುತ್ತಾರೆ. ಮತ್ತೆ ಕೆಲವರು ಕಾಫಿ ಹಣ್ಣು ಬಿಡಿಸಲು ಕೊಡಗಿನ ದಾರಿ ಹಿಡಿಯುತ್ತಾರೆ. ಸುಗ್ಗಿ ಎಲ್ಲಿಯೋ ದುಡಿಯುವ ಕೈ ಅಲ್ಲಿ, ಇದು ಲೋಕರೂಢಿ.

ಈ ಗುಳೆಗೆ ಈಗ ಸಮುದ್ರದಾಚೆಯ ಒಂದು ದಾರಿ ತೆರೆದಿದೆ. ಕಾಲೇಜು ಮುಗಿಸಿದ ನಮ್ಮ ಕೆಲವು ತರುಣ ತರುಣಿಯರು ಅದರ ಮಾತನ್ನು ಆಡತೊಡಗಿದ್ದಾರೆ. ಬೆನ್ನಿಗೊಂದು ಚೀಲ ಏರಿಸಿ ದೇಶ ನೋಡುತ್ತ ಹೋಗುವುದು, ಕೈಯಲ್ಲಿನ ಹಣ ಕರಗಿದಾಗ ಯಾವುದಾದರೂ ತೋಟದಲ್ಲಿ ಹಣ್ಣು ಬಿಡಿಸಿ ನಾಲ್ಕು ಕಾಸು ದುಡಿದುಕೊಂಡು ಮತ್ತೆ ಮುಂದೆ ಸಾಗುವುದು, ಇದು ಪಾಶ್ಚಾತ್ಯ ತರುಣರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆಸ್ಟ್ರೇಲಿಯಾ ದೇಶವು 1975ನೆಯ ಇಸವಿಯಲ್ಲಿಯೇ ಇಂಥವರಿಗಾಗಿ ಒಂದು ಪ್ರತ್ಯೇಕ ವೀಸಾ ಏರ್ಪಡಿಸಿತು. ಆದರೆ ಭಾರತೀಯರಿಗೆ ಆ ಬಾಗಿಲು ಮುಚ್ಚಿಯೇ ಇತ್ತು. 2022ರ ಏಪ್ರಿಲಿನಲ್ಲಿ ಎರಡೂ ದೇಶಗಳು ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಇದರ ಮಾತೂ ಸೇರಿತು. 2024ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಭಾರತೀಯರಿಂದ ಅರ್ಜಿ ಕರೆಯಲಾಯಿತು.

ವರ್ಷಕ್ಕೆ ದೊರೆಯುವ ಸ್ಥಾನಗಳು ಒಂದೇ ಸಾವಿರ. ಮೊದಲ ವರ್ಷ ಎರಡು ವಾರಗಳಲ್ಲಿಯೇ ಸುಮಾರು 40,000 ಜನ ಹೆಸರು ನೋಂದಾಯಿಸಿದರೆಂದು ಅಲ್ಲಿನ ಸರಕಾರದ ಕಡೆಯಿಂದಲೇ ತಿಳಿದುಬಂತು. ಆದುದರಿಂದ ಆಯ್ಕೆ ನಡೆಯುವುದು ಚೀಟಿ ಎತ್ತಿ. ವಯಸ್ಸು 18ರಿಂದ 30ರ ಒಳಗಿರಬೇಕು. ಹನ್ನೆರಡನೆಯ ತರಗತಿಯ ಮೇಲೆ ಕನಿಷ್ಠ ಎರಡು ವರ್ಷದ ಓದು ಆಗಿರಬೇಕು. ವ್ಯವಹಾರಕ್ಕೆ ಸಾಲುವಷ್ಟು ಇಂಗ್ಲಿಷು ಬರಬೇಕು. ಹಿಂದಿರುಗುವ ವಿಮಾನದ ಖರ್ಚಲ್ಲದೆ 5,000 ಆಸ್ಟ್ರೇಲಿಯನ್ ಡಾಲರು ಕೈಯಲ್ಲಿರಬೇಕು. ಒಮ್ಮೆ ವೀಸಾ ದೊರೆತರೆ ಒಂದು ವರ್ಷ ತಿರುಗಾಡಬಹುದು, ದುಡಿಯಬಹುದು. ನಿಗದಿಯಾದ ಪ್ರದೇಶಗಳಲ್ಲಿ ಮೂರು ತಿಂಗಳು, ಎಂದರೆ 88 ದಿನ, ತೋಟಗಾರಿಕೆಯಂಥ ಗೊತ್ತುಪಡಿಸಿದ ಕೆಲಸ ಮಾಡಿದವರು ಎರಡನೆಯ ವರ್ಷಕ್ಕೂ ಕೇಳಿಕೊಳ್ಳಬಹುದು.

ಇಲ್ಲಿ ತಾಯಿತಂದೆಗಳು ಒಂದು ಪ್ರಶ್ನೆ ಕೇಳುವುದು ಸಹಜ. “ನಾವು ಮೂಟೆ ಹೊತ್ತು ಮಕ್ಕಳನ್ನು ಓದಿಸಿದೆವು. ಹೊಲದ ಕೂಲಿ ತಪ್ಪಲೆಂದಲ್ಲವೆ ಊರು ಬಿಟ್ಟು ಬಂದದ್ದು? ಬಿ.ಕಾಂ. ಪಾಸಾದ ಮಗಳು ಪರದೇಶದ ತೋಟದಲ್ಲಿ ಹಣ್ಣು ಬಿಡಿಸಬೇಕೆ?” ಈ ಮಾತಿನಲ್ಲಿರುವ ನೋವನ್ನು ತಳ್ಳಿಹಾಕುವಂತಿಲ್ಲ. ಆದರೆ ಸ್ವಲ್ಪ ನಿಧಾನಿಸಿ ನೋಡೋಣ. ಊರಿನ ಕೂಲಿಯಲ್ಲಿ ನಮ್ಮ ಹಿರಿಯರನ್ನು ನೋಯಿಸಿದ್ದು ಕೆಲಸವೊಂದೇ ಅಲ್ಲ, ಕೆಲಸಕ್ಕೆ ಮೊದಲೇ ಕೊರಳಿಗೆ ಬಿದ್ದ ಹಗ್ಗ.

ಕಬ್ಬು ಕಡಿಯುವವರ ವ್ಯವಹಾರವನ್ನೇ ತೆಗೆದುಕೊಳ್ಳಿ. ಹಂಗಾಮು ಶುರುವಾಗುವ ಮೊದಲೇ ಮುಕಾದಮನು ಗಂಡಹೆಂಡಿರ ಜೋಡಿಗೆ ಇಂತಿಷ್ಟು ಎಂದು ಮುಂಗಡ ಕೊಡುತ್ತಾನೆ. ಮಹಾರಾಷ್ಟ್ರದ ಕಡೆ ಇದಕ್ಕೆ ‘ಉಚಲ’ ಎನ್ನುತ್ತಾರೆ; ಜೋಡಿಗೆ ‘ಕೋಯತಾ’, ಎಂದರೆ ಕುಡುಗೋಲು, ಎಂದೇ ಹೆಸರು! ಆ ಹಣ ಮದುವೆಗೋ ಔಷಧಕ್ಕೋ ಹಳೆಯ ಸಾಲಕ್ಕೋ ಆಗಲೇ ಮುಗಿದಿರುತ್ತದೆ. ಮುಂದೆ ಐದಾರು ತಿಂಗಳು ಕಡಿದ ಕಬ್ಬಿನ ಟನ್ನಿನ ಲೆಕ್ಕದಲ್ಲಿ ಅದು ತೀರಬೇಕು. ತೀರದಿದ್ದರೆ ಬಾಕಿ ಬರುವ ವರ್ಷಕ್ಕೆ. ಮೈ ಸರಿಯಿಲ್ಲ, ಮಗುವಿಗೆ ಜ್ವರ, ಊರಿಗೆ ಹೋಗುತ್ತೇನೆ ಎನ್ನುವ ಹಾಗಿಲ್ಲ. ಜೀತ ಪದ್ಧತಿಯನ್ನು ತೊಡೆದುಹಾಕುವ ಕಾಯದೆ 1976ರಲ್ಲಿಯೇ ಬಂದಿದ್ದರೂ ಮುಂಗಡದ ಹಗ್ಗ ಇನ್ನೂ ಪೂರಾ ಹರಿದಿಲ್ಲ.

ಇದಕ್ಕೆ ಎದುರಾಗಿ ನಮ್ಮ ತುರ್ಭೆಯ ಮಾರುಕಟ್ಟೆಯಲ್ಲೇ ಬೇರೊಂದು ಉದಾಹರಣೆಯುಂಟು. ತಲೆಯ ಮೇಲೆ ಮೂಟೆ ಹೊರುವ ಮಾಥಾಡಿ ಕಾಮಗಾರರು ಒಂದು ಕಾಲಕ್ಕೆ ಟೋಳಿಯ ನಾಯಕ ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕಾಗಿತ್ತು. ಅಣ್ಣಾಸಾಹೇಬ ಪಾಟೀಲರು ಅವರನ್ನು ಸಂಘಟಿಸಿ ಹೋರಾಡಿದ ಫಲವಾಗಿ 1969ರಲ್ಲಿ ಮಾಥಾಡಿ ಕಾಯದೆಯಾಯಿತು. ಹಮಾಲನ ಹೆಸರು ಮಂಡಳಿಯಲ್ಲಿ ನೋಂದಾಯಿಸಬೇಕು. ವ್ಯಾಪಾರಿಯು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿಯಿಂದ ಕೆಲಸಗಾರನಿಗೆ ಸಂಬಳ, ಭವಿಷ್ಯನಿಧಿ ಮುಂತಾದವು ಸಲ್ಲಬೇಕು ಎಂಬುದು ಅದರ ಏರ್ಪಾಡು. ಮೂಟೆಯ ಭಾರ ಕಡಿಮೆಯಾಗಲಿಲ್ಲ ನಿಜ. ಆದರೆ ಕೂಲಿಯ ಲೆಕ್ಕ ನಡುವಿನವನ ಮುಷ್ಟಿಯಿಂದ ಕಾಗದದ ಮೇಲೆ ಬಂತು. ಒಂದೇ ಬಗೆಯ ಮೈಮುರಿಯುವ ದುಡಿಮೆಯಲ್ಲಿ ಇಷ್ಟು ಅಂತರ!

ಪರದೇಶದ ಸುಗ್ಗಿಗೆ ಹೋಗಬಯಸುವ ಮಗನಿಗಾಗಲಿ ಮಗಳಿಗಾಗಲಿ ನಾವು ಕಲಿಸಬೇಕಾದದ್ದು ಇದನ್ನೇ. ಹಣ್ಣು ಬಿಡಿಸುವುದು ಅವಮಾನವಲ್ಲ. ಬೇಡವೆನಿಸಿದ ದಿನ ಬಿಟ್ಟು ಹೊರಡಲಾರದಂತೆ ಕಟ್ಟಿಹಾಕಿಸಿಕೊಳ್ಳುವುದು ಅಪಾಯ. ಅಲ್ಲಿಯೂ ಹಗ್ಗಗಳುಂಟು. ಅವುಗಳನ್ನು ಒಂದೊಂದಾಗಿ ಗುರುತಿಸೋಣ.

ಮೊದಲನೆಯದು ಇಲ್ಲಿಯೇ ಬೀಳುವ ಸಾಲದ ಹಗ್ಗ. 5,000 ಡಾಲರೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ವಿಮಾನದ ಖರ್ಚು ಬೇರೆ. ವೀಸಾದ ಶುಲ್ಕ ಮೊದಲ ವರ್ಷ 650 ಡಾಲರು ಇತ್ತು. ಈ ಮೂರು ಲಕ್ಷವನ್ನು ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಗೆ ತಂದರೆ ಬಡ್ಡಿಯೇ ತಿಂಗಳಿಗೆ 9,000 ರೂಪಾಯಿ. ಇನ್ನು ಉಚಲಕ್ಕೂ ಇದಕ್ಕೂ ವ್ಯತ್ಯಾಸವೇನು? ಒಂದೆರಡು ವರ್ಷ ಇಲ್ಲಿ ನೌಕರಿ ಮಾಡಿ ಕೂಡಿಟ್ಟ ಸ್ವಂತ ಹಣವಿದ್ದರೆ ಹೋಗಲಿ; ಇಲ್ಲವಾದರೆ ಮೂವತ್ತು ತುಂಬುವವರೆಗೆ ಕಾಲವಿದೆ.

ಎರಡನೆಯದು ದಲಾಲನ ಹಗ್ಗ. ಚೀಟಿಯಲ್ಲಿ ಹೆಸರು ಬರಿಸುತ್ತೇನೆ ಎನ್ನುವವನ ಮಾತು ಶುದ್ಧ ಸುಳ್ಳು. ನೋಂದಣಿಯ ಶುಲ್ಕ 25 ಡಾಲರು ಮಾತ್ರ. ಪಾಸ್‌ಪೋರ್ಟು, ಪ್ಯಾನ್ ಕಾರ್ಡು ಇಟ್ಟುಕೊಂಡು ಯಾರೇ ಆದರೂ ಆಸ್ಟ್ರೇಲಿಯಾ ಸರಕಾರದ ಜಾಲತಾಣದಲ್ಲಿ ತಾವೇ ಮಾಡಬಹುದಾದ ಕೆಲಸ ಅದು. ವರ್ಷಕ್ಕೆ ಒಬ್ಬರಿಗೆ ಒಂದೇ ಅವಕಾಶ. ಚೀಟಿ ಎತ್ತುವುದನ್ನು ಯಾರ ಲಂಚವೂ ತಿರುಗಿಸಲಾರದು. ಇದು ಅಲ್ಲಿ ನೆಲೆಸುವ ಪರವಾನಗಿಯೂ ಅಲ್ಲ. ಹಾಗೆಂದು ಆಸೆ ತೋರಿಸಿ ಲಕ್ಷಗಟ್ಟಲೆ ಕೇಳುವವನನ್ನು ಬಾಗಿಲಿನಿಂದಲೇ ಕಳಿಸುವುದು ಕ್ಷೇಮ. ಚೀಟಿ ಬೀಳುವ ಮೊದಲೇ ಕೈಯಲ್ಲಿದ್ದ ನೌಕರಿಗೆ ರಾಜೀನಾಮೆ ಕೊಡುವುದೂ ಜಾಣತನವಲ್ಲ.

ಮೂರನೆಯದು ಅಲ್ಲಿನ ಮುಕಾದಮನ ಹಗ್ಗ. ಹೌದು, ಅಲ್ಲಿಯೂ ಮುಕಾದಮರಿದ್ದಾರೆ! ಅನೇಕ ತೋಟದವರು ಆಳುಗಳನ್ನು ನೇರವಾಗಿ ಹಿಡಿಯದೆ ಗುತ್ತಿಗೆದಾರರಿಂದ ಪಡೆಯುತ್ತಾರೆ. ಇವರ ಹಾವಳಿ ಕಂಡೇ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2018ರಲ್ಲಿಯೂ ವಿಕ್ಟೋರಿಯಾ ರಾಜ್ಯವು 2019ರಲ್ಲಿಯೂ ಇಂಥ ಗುತ್ತಿಗೆದಾರರಿಗೆ ಲೈಸೆನ್ಸು ಕಡ್ಡಾಯ ಮಾಡಿದವು. ಲೈಸೆನ್ಸುದಾರರ ಪಟ್ಟಿ ಎಲ್ಲರೂ ನೋಡಲು ಸಿಗುತ್ತದೆ. ಹೆಸರು ಆ ಪಟ್ಟಿಯಲ್ಲಿಲ್ಲದವನ ವ್ಯಾನು ಹತ್ತಬಾರದು. “ನೀನೇ ಒಬ್ಬ ವ್ಯಾಪಾರಿಯೆಂದು ಎ.ಬಿ.ಎನ್. ನಂಬರು ಮಾಡಿಸಿಕೊಂಡು ಬಾ” ಎನ್ನುವವನಿಂದಲೂ ದೂರವಿರಬೇಕು, ಹಾಗೆ ಮಾಡಿಸಿಕೊಂಡರೆ ಕೂಲಿಗಾರನ ರಕ್ಷಣೆಯೇ ಕೈತಪ್ಪುವ ಭಯವುಂಟು. ಬೇಕಾದದ್ದು ತೆರಿಗೆ ಇಲಾಖೆಯ ಟಿ.ಎಫ್.ಎನ್. ನಂಬರು; ಅದಕ್ಕೆ ಶುಲ್ಕವಿಲ್ಲ. ಪಾಸ್‌ಪೋರ್ಟನ್ನಂತೂ ಯಾವ ಧಣಿಯ ಪೆಟ್ಟಿಗೆಯಲ್ಲಿಯೂ ಇಡಕೂಡದು.

ನಾಲ್ಕನೆಯದು ಎಲ್ಲಕ್ಕಿಂತ ನವಿರಾದದ್ದು: ಆ 88 ದಿನಗಳ ಹಗ್ಗ. ಎರಡನೆಯ ವರ್ಷದ ಆಸೆಗೆ ತರುಣರು ಎಂಥ ಕೂಲಿಗೂ ತಲೆ ಬಾಗಿಸುತ್ತಾರೆಂಬುದನ್ನು ಕೆಲವು ಧಣಿಗಳು ಚೆನ್ನಾಗಿ ಬಲ್ಲರು. ಊಟ ವಸತಿ ಕೊಡುತ್ತೇವೆ, ಸಂಬಳ ಕೇಳಬೇಡ ಎನ್ನುವವರೂ ಉಂಟು. ಆದರೆ 2015ರಿಂದ ಬಿಟ್ಟಿ ಕೆಲಸ ಆ ಲೆಕ್ಕಕ್ಕೆ ಬರುವುದೇ ಇಲ್ಲ. ನಿಯಮದಂತೆ ಸಂಬಳ ಪಡೆದದ್ದಕ್ಕೆ ಚೀಟಿಗಳ ಪುರಾವೆ ತೋರಿಸಬೇಕು. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಸಂಬಳದ ಚೀಟಿ ಕೊಡಬೇಕೆಂಬುದು ಅಲ್ಲಿನ ಕಾನೂನು. ಪ್ರತಿಯೊಂದು ಚೀಟಿಯನ್ನೂ ಜೋಪಾನ ಮಾಡಬೇಕು. ಇಷ್ಟು ಗಂಟೆ, ಇಷ್ಟು ಬುಟ್ಟಿ ಎಂದು ಸ್ವಂತ ವಹಿಯಲ್ಲಿಯೂ ಬರೆದಿಡಬೇಕು.

ಕೂಲಿ ಎಷ್ಟು? 2025ರ ಜುಲೈ 1ರಿಂದ ಅಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರು ಎಂದು ನಿಗದಿಯಾಯಿತು. ತಾತ್ಕಾಲಿಕ ಆಳಿಗೆ ಅದರ ಮೇಲೆ ನೂರಕ್ಕೆ 25 ಹೆಚ್ಚು. ಹಿಂದೆ ತೋಟಗಳಲ್ಲಿ ಬುಟ್ಟಿಯ ಲೆಕ್ಕದಲ್ಲಿ ಕೂಲಿ ಕೊಟ್ಟು, ನಿಧಾನವಾಗಿ ಬಿಡಿಸುವವರಿಗೆ ಪುಡಿಗಾಸು ಹಾಕುತ್ತಿದ್ದರು. 2022ರ ಏಪ್ರಿಲ್ 28ರಿಂದ ಆ ನಿಯಮ ಬದಲಾಯಿತು. ಬುಟ್ಟಿಯ ಲೆಕ್ಕವಿರಲಿ, ಆದರೆ ದುಡಿದ ಗಂಟೆಗಳಿಗೆ ಕನಿಷ್ಠ ಕೂಲಿಯಂತೂ ಕೊಡಲೇಬೇಕು. ವಾರಕ್ಕೆ 38 ಗಂಟೆ ಕೆಲಸ ಸಿಕ್ಕರೆ ಬರಿಯ ಕನಿಷ್ಠ ವೇತನದಲ್ಲಿಯೇ 948 ಡಾಲರು ಆಗುತ್ತದೆ. ಇಂಥ ವೀಸಾದವರಿಗೆ ಮೊದಲ ಡಾಲರಿನಿಂದಲೇ ನೂರಕ್ಕೆ 15ರಂತೆ ತೆರಿಗೆ ಹಿಡಿದರೆ ಉಳಿಯುವುದು ಸುಮಾರು 806. ಅದರಲ್ಲಿ ಬಾಡಿಗೆ, ಊಟ, ತೋಟಕ್ಕೆ ಹೋಗಿಬರುವ ಖರ್ಚು ಕಳೆಯಬೇಕು. ಮಳೆ ಬಂದ ದಿನ, ಹಣ್ಣು ಪಕ್ವವಾಗದ ವಾರ ಕೆಲಸವಿಲ್ಲ, ಕೂಲಿಯೂ ಇಲ್ಲ. ಹೆಸರಿನಲ್ಲಿ ಕೂಡುವ ನಿವೃತ್ತಿಯ ನಿಧಿಯನ್ನು ದೇಶ ಬಿಡುವಾಗ ಕೇಳಿ ಪಡೆಯಬಹುದು. ಆದರೆ ಅದರಲ್ಲಿ ನೂರಕ್ಕೆ 65 ತೆರಿಗೆಗೇ ಹೋಗುತ್ತದೆ. ಆದುದರಿಂದ ಐಶ್ವರ್ಯ ಗಳಿಸಿ ತರುವ ಕನಸು ಬೇಡ. ಖರ್ಚು ಸರಿದೂಗಿ, ಒಂದು ದೇಶ ಕಂಡು, ಸ್ವಲ್ಪ ಉಳಿಸಿ ಬಂದರೆ ಅದೇ ಲಾಭ.

ಕೆಲಸ ಹುಡುಕುವ ಜಾಣ್ಮೆ ಇರುವುದು ಪಂಚಾಂಗದಲ್ಲಿ. ಅಲ್ಲಿಯ ಋತುಗಳು ನಮಗೆ ತಿರುವುಮುರುವು. ನಮ್ಮ ಚಳಿಗಾಲ ಅವರ ಬೇಸಿಗೆ. ಉತ್ತರದ ಡಾರ್ವಿನ್, ಕ್ಯಾಥರೀನ್‌ಗಳಲ್ಲಿ ಮಾವಿನ ಕೊಯ್ಲು ಸೆಪ್ಟೆಂಬರಿನಿಂದ ನವೆಂಬರಿಗೆ. ಕ್ವೀನ್ಸ್‌ಲ್ಯಾಂಡಿನ ಬೋವೆನ್‌ನಲ್ಲಿ ಅದರ ಬೆನ್ನಿಗೇ. ಟಾಸ್ಮೇನಿಯಾ ದ್ವೀಪದ ಚೆರಿ ಡಿಸೆಂಬರಿನಿಂದ ಫೆಬ್ರವರಿ. ಶೆಪ್ಪರ್ಟನ್ನಿನ ಪೇರ್ ಹಣ್ಣು ಜನವರಿಯಿಂದ. ಮಿಲ್ಡೂರದ ದ್ರಾಕ್ಷಿ ಫೆಬ್ರವರಿಯಿಂದ ಏಪ್ರಿಲ್. ಟಾಸ್ಮೇನಿಯಾದ ಸೇಬು ಮಾರ್ಚಿನಿಂದ ಮೇ. ಚಳಿಗಾಲದ ತರಕಾರಿಗೆ ಬೋವೆನ್, ಬಂಡಬರ್ಗ್‌ಗಳು. ಕೊಯ್ಲಿಗೆ ಎರಡು ಮೂರು ವಾರ ಮೊದಲೇ ಊರು ಸೇರಿ, ತೋಟದವರನ್ನು ನೇರವಾಗಿ ಕಂಡು ಮಾತಾಡುವುದು ಲೇಸು. ಹಣ್ಣು ಮುಗಿದ ಮೇಲೆ ಬಳ್ಳಿ ಸವರುವ, ಪ್ಯಾಕಿಂಗ್ ಮಾಡುವ ಕೆಲಸಗಳೂ ಇರುತ್ತವೆ. ಎರಡನೆಯ ವರ್ಷದ ಆಸೆಯುಳ್ಳವರು ಆ ಊರಿನ ಪಿನ್ ಕೋಡು ಸರಕಾರದ ಪಟ್ಟಿಯಲ್ಲಿದೆಯೆ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು.

ಇಂಥ ಊರುಗಳಲ್ಲಿ ಕೂಲಿಗೆ ಬಂದ ತರುಣರಿಗೆಂದೇ ಹಾಸ್ಟೆಲುಗಳಿರುತ್ತವೆ. ಕೆಲವೆಡೆ ಹಾಸ್ಟೆಲಿನವರೇ ಕೆಲಸವನ್ನೂ ಗೊತ್ತುಮಾಡಿಕೊಡುತ್ತಾರೆ. ಅನುಕೂಲವೇನೋ ಹೌದು. ಆದರೆ ಕೆಲಸವೂ ಮಂಚವೂ ಒಬ್ಬನ ಕೈಯಲ್ಲಿದ್ದರೆ ಅದೂ ಒಂದು ಹಗ್ಗವೇ. ಕೆಲಸ ಕೊಡಿಸದೆ ವಾರಗಟ್ಟಲೆ ಬಾಡಿಗೆ ಎಣಿಸಿಕೊಳ್ಳುವವರೂ ಇದ್ದಾರೆ. ಒಂದು ವಾರಕ್ಕಿಂತ ಹೆಚ್ಚಿನ ಬಾಡಿಗೆ ಮುಂಗಡ ಕೊಡದಿರುವುದು ಲೇಸು. ಒಳಹೊಕ್ಕ ದಿನವೇ ಬೆಂಕಿ ಬಿದ್ದರೆ ಹೊರಬೀಳುವ ಬಾಗಿಲು ಯಾವುದು, ಅದು ತೆರೆಯುತ್ತದೆಯೆ ಎಂದು ನೋಡಿಕೊಳ್ಳಬೇಕು. 2000ನೆಯ ಇಸವಿಯ ಜೂನ್ 23ರಂದು ಕ್ವೀನ್ಸ್‌ಲ್ಯಾಂಡಿನ ಚಿಲ್ಡರ್ಸ್ ಎಂಬ ಊರಿನಲ್ಲಿ ಇಂಥದೊಂದು ಹಾಸ್ಟೆಲಿಗೆ ಕಿಚ್ಚಿಟ್ಟು, ಬೆನ್ನಚೀಲದ 15 ಮಂದಿ ತರುಣ ತರುಣಿಯರು ಪ್ರಾಣ ಕಳೆದುಕೊಂಡರು.

ಇಷ್ಟಾದರೂ ಎಲ್ಲಿಯಾದರೂ ಕೂಲಿ ಮುರಿದರೆ ಬಾಯಿ ಮುಚ್ಚಿ ಕೂಡಬೇಕಾದ್ದಿಲ್ಲ. ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರಕಾರಿ ಕಚೇರಿ ವೀಸಾದ ಮೇಲೆ ಬಂದವರ ದೂರನ್ನೂ ಕೇಳುತ್ತದೆ. ಆ ದೇಶದೊಳಗಿಂದ ಅದರ ಫೋನು 13 13 94. ಪ್ರಾಣಾಪಾಯಕ್ಕೆ ಅಲ್ಲಿನ ಸಂಖ್ಯೆ 000. ಇವೆರಡನ್ನೂ ಹೊರಡುವ ಮೊದಲೇ ಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಮನೆಯವರಿಗೂ ಧೈರ್ಯ.

ನಮ್ಮವರಿಗೆ ಒಂದು ಅನುಕೂಲವುಂಟು. ಬಿಸಿಲು, ಬೆವರು, ಬೆನ್ನುನೋವುಗಳನ್ನು ಪಾಶ್ಚಾತ್ಯ ತರುಣರು ಪುಸ್ತಕದಿಂದ ಕಲಿಯಬೇಕು. ನಮ್ಮ ಮಕ್ಕಳಿಗೆ ಅವುಗಳ ಪಾಠ ಹೇಳುವವರು ಮನೆಯಲ್ಲಿಯೇ ಇದ್ದಾರೆ. ಮುಂಗಡ ಎಂದರೇನು, ಬಾಕಿ ಹೇಗೆ ಬೆಳೆಯುತ್ತದೆ, ತೂಕದಲ್ಲಿ ಹೇಗೆ ಮೋಸ ಮಾಡುತ್ತಾರೆ, ಲೆಕ್ಕದ ವಹಿ ಯಾರ ಕೈಯಲ್ಲಿರಬೇಕು ಎಂಬುದನ್ನು ಕಬ್ಬು ಕಡಿದ ಅಜ್ಜಿ, ಮೂಟೆ ಹೊತ್ತ ಅಪ್ಪ ಹೇಳುವಷ್ಟು ಚೆನ್ನಾಗಿ ಯಾವ ಏಜೆಂಟನೂ ಹೇಳಲಾರ. ಹೊರಡುವ ಮಕ್ಕಳು ಒಂದು ಸಂಜೆ ಅವರ ಬಳಿ ಕುಳಿತು ಕೇಳಲಿ. ಹಿರಿಯರೂ ನಾಚಿಕೆಪಡದೆ ಹೇಳಲಿ. ಸಾಲವಿಲ್ಲದೆ ಹೋದವರು, ಪಾಸ್‌ಪೋರ್ಟು ತಮ್ಮ ಜೇಬಿನಲ್ಲೇ ಇಟ್ಟುಕೊಂಡವರು, ಬೇಡವೆನಿಸಿದ ದಿನ ಊರಿಗೆ ಮರಳುವ ಟಿಕೇಟಿನ ಹಣ ಮುಟ್ಟದೆ ಉಳಿಸಿಕೊಂಡವರು ಎಲ್ಲಿ ಹಣ್ಣು ಬಿಡಿಸಿದರೂ ಯಾರ ಆಳೂ ಅಲ್ಲ.