ಏಡಿ ಬಲೆಗೆ ಯಾವ ಎರೆ ಕಟ್ಟಿದ್ರೆ ಒಳ್ಳೇದು? ದುಡ್ಡೂ ಉಳಿಯೋ ಲೆಕ್ಕ ಇಲ್ಲಿದೆ

ಕುಮಟಾ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಜಿಲ್ಲೆಯ ಈ ನಾಲ್ಕೂ ನದಿಗಳ ಅಳಿವೆಯಲ್ಲಿ ಸಣ್ಣ ದೋಣಿ, ಹತ್ತಾರು ಏಡಿ ಬಲೆ ಇಟ್ಟುಕೊಂಡು ಮನೆ ನಡೆಸುವವರಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡ ಸೇರಿದಾಗಂತೂ ಮೀನಂಗಡಿಯವರ ಕಣ್ಣು ಅಳಿವೆ ಕಡೆಗೇ. ಬಲೆ, ದೋಣಿ ಒಮ್ಮೆ ಮಾಡಿಸಿದರೆ ನಾಲ್ಕು ಕಾಲ ಬರುತ್ತದೆ. ದಿನಾ ಕೈಬಿಟ್ಟು ಹೋಗೋದು ಎರೆಯ ದುಡ್ಡು. ಎರೆ ಸರಿಯಿಲ್ಲದಿದ್ದರೆ ಆ ದುಡ್ಡೂ ಹೋಯ್ತು, ರಾತ್ರಿಯ ನಿದ್ದೆಯೂ ಹೋಯ್ತು.

ಏಡಿ ಬರೋದು ವಾಸನೆಗೆ

ಕೆಸರು ಏಡಿ ಹೆಚ್ಚಾಗಿ ಆಹಾರ ಹುಡುಕುವುದು ರಾತ್ರಿ. ಕದಡಿದ ನೀರಿನಲ್ಲಿ ಕಣ್ಣಿಗಿಂತ ವಾಸನೆಯೇ ಅದಕ್ಕೆ ದಾರಿ. ಕಣ್ಣುಗಳ ನಡುವೆ ಇರುವ ಚಿಕ್ಕ ಮೀಸೆಗಳಿಂದ ಅದು ವಾಸನೆ ಹಿಡಿಯುತ್ತದೆ. ಎರೆಯ ರಸ ಹರಿವಿನ ಜೊತೆ ಕೆಳಗೆ ಹೋಗುತ್ತದೆ, ಏಡಿ ಹರಿವಿಗೆ ಎದುರಾಗಿ ಮೇಲೆ ಬರುತ್ತದೆ. ನೀರು ನಿಂತರೆ ವಾಸನೆಯೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಭರತ ಅಥವಾ ಇಳಿತ ನಡೆಯುತ್ತಿರುವಾಗಲೇ ಬಲೆ ನೀರಲ್ಲಿರಬೇಕು.

ಕೊಳೆತದ್ದು ಬೇಡ

'ಏಡಿ ಹೆಣ ತಿನ್ನೋದು, ಅದಕ್ಕೆ ನಾತ ಹೊಡೆಯೋದೇ ಆಗ್ಬೇಕು' ಅನ್ನೋ ಮಾತಿದೆ. ಇದು ಅರ್ಧ ಸತ್ಯ. ಏಡಿ ಸತ್ತದ್ದನ್ನು ತಿನ್ನುವುದು ಹೌದು. ಆದರೆ ಅದನ್ನು ಕರೆಯುವುದು ಹಸಿ ಮಾಂಸದಿಂದ ನೀರಿಗೆ ಬಿಡುವ ಅಮೈನೋ ಆಮ್ಲದಂಥ ಅಂಶಗಳು. ಪೂರಾ ಕೊಳೆತ ಮೀನಿನಲ್ಲಿ ಆ ರಸ ಅದಾಗಲೇ ಸೋರಿಹೋಗಿರುತ್ತದೆ. ಮಾಂಸ ಮೆತ್ತಗಾಗಿ ಕಟ್ಟಿದ ದಾರದಲ್ಲೂ ನಿಲ್ಲೋದಿಲ್ಲ. ಅಂಗಡಿಯಲ್ಲಿ ಸಂಜೆ ಉಳಿದ, ಮಂಜುಗಡ್ಡೆಯಲ್ಲಿಟ್ಟ ಮೀನು ಸಾಕು.

ಯಾವ ಎರೆ, ಯಾವಾಗ?

ತಾರ್ಲೆ, ಬಂಗಡೆ: ಎಣ್ಣೆ ಅಂಶ ಜಾಸ್ತಿ, ವಾಸನೆ ಬೇಗ ಹರಡುತ್ತದೆ. ಆದರೆ ಬೇಗ ಕರಗುತ್ತದೆ, ಸಣ್ಣ ಮೀನುಗಳೂ ಕಿತ್ತು ತಿನ್ನುತ್ತವೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಬಳೆ ಬಲೆಗೆ ಇದು ಚೆನ್ನಾಗಿ ಹೊಂದುತ್ತದೆ.

ದೊಡ್ಡ ಮೀನಿನ ತಲೆ, ಹಾವುಮೀನು: ಮೂಳೆ, ದಪ್ಪ ಚರ್ಮ ಇರೋದ್ರಿಂದ ತುಂಬಾ ಹೊತ್ತು ನಿಲ್ಲುತ್ತದೆ. ರಾತ್ರಿಯಿಡೀ ಬಿಡುವ ಪಂಜರಕ್ಕೆ ಇದೇ ಸರಿ. ತೊರಕೆ, ಶಾರ್ಕ್ ತುಂಡು ಬಳಸುವವರು ಒಂದು ವಿಷಯ ನೆನಪಿಡಬೇಕು. ಇವುಗಳಲ್ಲಿ ಕೆಲವು ಜಾತಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಜಾತಿ ಗೊತ್ತಿಲ್ಲದಿದ್ದರೆ ಮುಟ್ಟದೇ ಇರೋದೇ ಕ್ಷೇಮ.

ಕೋಳಿ ತಲೆ, ಕಾಲು: ಚಿಕನ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ, ಗಟ್ಟಿಯಾಗಿಯೂ ನಿಲ್ಲುತ್ತದೆ. ವಾಸನೆ ಮಾತ್ರ ಮೀನಿನಷ್ಟು ಬೇಗ ಹರಡುವುದಿಲ್ಲ. ಎರಡು ತುಂಡು ತಾರ್ಲೆ ಜೊತೆಗೆ ಕಟ್ಟಿದರೆ ಒಂದು ಕರೆಯುತ್ತದೆ, ಇನ್ನೊಂದು ನಿಲ್ಲಿಸಿಕೊಳ್ಳುತ್ತದೆ. ಕರುಳು ಬೇಡ. ಅದು ತೊಳೆದುಹೋಗಿ ನೀರು ಹಾಳಾಗುವುದೇ ಬಂತು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಸೆಳೆತ ಜೋರು, ಆಗ ಗಟ್ಟಿ ಎರೆ ಬೇಕು. ಅಷ್ಟಮಿ ಹೊತ್ತಿಗೆ ಹರಿವು ಸಣ್ಣದು, ಆಗ ಎಣ್ಣೆ ಮೀನು ಮೇಲು.

ಉಪ್ಪು ಹಾಕಿಟ್ಟರೆ ಬಾಳಿಕೆ

ಮೀನು ಅಗ್ಗ ಇದ್ದಾಗ ಕೊಂಡು, ತುಂಡು ಮಾಡಿ, ಕಲ್ಲುಪ್ಪು ಬೆರೆಸಿ ಮುಚ್ಚಿದ ಡಬ್ಬಿಯಲ್ಲಿ ನೆರಳಲ್ಲಿಡಬಹುದು. ಉಪ್ಪು ನೀರನ್ನು ಎಳೆಯುವುದರಿಂದ ಮಾಂಸ ಗಟ್ಟಿಯಾಗುತ್ತದೆ. ವಾಸನೆ ಹಸಿಯಷ್ಟಿಲ್ಲ ನಿಜ, ಆದರೆ ಮೀನು ಸಿಗದ ಮಳೆಗಾಲದ ದಿನಕ್ಕೆ ಆಸರೆ. ಪಂಜರದಲ್ಲಿ ಎರೆಯನ್ನು ಹಳೇ ಬಲೆಯ ಸಣ್ಣ ಚೀಲದಲ್ಲಿ ಕಟ್ಟಿದರೆ ಮೊದಲು ಬಂದ ಏಡಿಯೇ ಎಲ್ಲಾ ತಿಂದು ಮುಗಿಸೋದು ತಪ್ಪುತ್ತದೆ.

ಸಿಕ್ಕಿದ್ದೆಲ್ಲಾ ಮಾರಾಟಕ್ಕಲ್ಲ

ಏಡಿ ಚಿಪ್ಪು ಕಳಚುವ ಹೊತ್ತಲ್ಲಿ ತಿನ್ನೋದಿಲ್ಲ. ಹೊಸ ಚಿಪ್ಪು ತುಸು ಗಟ್ಟಿಯಾದ ಮೇಲೆ ಭಾರೀ ಹಸಿವು, ಎರೆಗೆ ಬೇಗ ಬೀಳುತ್ತದೆ. ಆದರೆ ಆಗ ಅದರೊಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಗಾತ್ರ ನೋಡಿ ಕೊಂಡ ಗಿರಾಕಿ ಮನೆಗೆ ಹೋಗಿ ಬೈದುಕೊಳ್ಳುವುದು ಇದಕ್ಕೇ. ಕೆಳಭಾಗದಲ್ಲಿ, ಕಾಲಿನ ಬುಡದ ಹತ್ತಿರ ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಗ್ಗಿದರೆ ಖಾಲಿ, ಕಲ್ಲಿನಂತಿದ್ದರೆ ತುಂಬಿದೆ. ಖಾಲಿ ಏಡಿಯನ್ನು ನೀರಿಗೆ ಬಿಟ್ಟರೆ ಕೆಲವು ವಾರದಲ್ಲಿ ಅದೇ ತೂಕ ಬಂದು ಸಿಗುತ್ತದೆ.

ಹೊಟ್ಟೆಯ ಅಗಲ ಪಟ್ಟಿಯ ಕೆಳಗೆ ಮೊಟ್ಟೆ ಹೊತ್ತ ಹೆಣ್ಣು ಬಂದರೆ ಬಿಡಬೇಕು. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ. ಸಣ್ಣ ಮರಿಗಳಿಗೂ ಇದೇ ಮಾತು.

ಅಂಗಡಿಯವರಿಗೂ ಕೆಲಸವಿದೆ

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಏಡಿ, ಬಳಚು, ಸಿಗಡಿ ಎಲ್ಲಕ್ಕೂ ಆ ನೀರೇ ಆಧಾರ. ಮೀನು, ಕೋಳಿ ಅಂಗಡಿಯವರು ತಲೆ, ಕಾಲನ್ನು ಬೇರೆ ತೆಗೆದು ಮಂಜಿನಲ್ಲಿಟ್ಟರೆ ಏಡಿ ಹಿಡಿಯುವವರಿಗೆ ಎರೆಯಾಗುತ್ತದೆ. ಅದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸೇತುವೆಯಿಂದ ಎಸೆದರೆ ಕಸ. ಎರೆ ತಂದ ಕವರು, ಹರಿದ ಬಲೆ ವಾಪಸ್ ದಡಕ್ಕೇ ಬರಬೇಕು. ನೀರಲ್ಲಿ ಕಳೆದುಹೋದ ಪಂಜರ ಎರೆ ಮುಗಿದ ಮೇಲೂ ಏಡಿ ಹಿಡಿಯುತ್ತಲೇ ಇರುತ್ತದೆ. ಒಳಗೆ ಸತ್ತ ಏಡಿಯೇ ಮುಂದಿನದಕ್ಕೆ ಎರೆ. ಹಾಗಾಗಿ ಪ್ರತಿ ಪಂಜರಕ್ಕೂ ಗಟ್ಟಿ ಹಗ್ಗ, ಕಾಣುವ ಬೆಂಡು ಕಟ್ಟಿಯೇ ನೀರಿಗಿಳಿಸಬೇಕು.