ನೂರರಲ್ಲಿ ಒಂದು ಕೋಶ: ಎಣಿಸುವುದು ಹೇಗೆ?

ಹಾರ್ಮೋನು ಎಂದೊಡನೆ ನೆನಪಾಗುವುದು ಥೈರಾಯ್ಡ್, ಪಿಟ್ಯುಟರಿಯಂತಹ ಗ್ರಂಥಿಗಳು. ಆದರೆ ಆ ಹೆಸರು ಹುಟ್ಟಲು ಕಾರಣವಾದದ್ದು ಕರುಳು! 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್, ನಾಯಿಯ ಸಣ್ಣಕರುಳಿನ ಒಂದು ಭಾಗದ ನರಗಳನ್ನು ಕತ್ತರಿಸಿ ಅದರೊಳಗೆ ಆಮ್ಲ ಬಿಟ್ಟರು. ನರಸಂಪರ್ಕ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸಂದೇಶ ರಕ್ತದ ಮೂಲಕ ಹೋಗಿತ್ತು. ಆ ದೂತನೇ ಸಿಕ್ರೆಟಿನ್. ಇಂತಹ ದೂತರನ್ನು ಸ್ಟಾರ್ಲಿಂಗ್ 1905ರಲ್ಲಿ ‘ಹಾರ್ಮೋನು’ ಎಂದು ಕರೆದರು.

ಕರುಳಿನಲ್ಲಿ ಹಾರ್ಮೋನು ಸ್ರವಿಸುವ ಕೋಶಗಳು ಒಂದೆಡೆ ಕೂಡಿಲ್ಲ. ಒಳಪದರದ ನೂರು ಕೋಶಗಳಲ್ಲಿ ಸುಮಾರು ಒಂದರಂತೆ ಚದುರಿವೆ. ಶ್ವಾಸನಾಳಗಳಲ್ಲಿ ಇನ್ನೂ ವಿರಳ. ಅಲ್ಲಿನವು ಆಮ್ಲಜನಕದ ಕೊರತೆಯನ್ನು ಗ್ರಹಿಸುತ್ತವೆ. ಧೂಮಪಾನಿಗಳನ್ನು ಹೆಚ್ಚಾಗಿ ಕಾಡುವ ‘ಸಣ್ಣಕೋಶ’ ಶ್ವಾಸಕೋಶ ಕ್ಯಾನ್ಸರ್ ಬಹುಮಟ್ಟಿಗೆ ಹುಟ್ಟುವುದೂ ಇಂತಹ ಕೋಶಗಳಿಂದಲೇ. ಆದ್ದರಿಂದ ಹೊಗೆ, ರೋಗ ಅಥವಾ ಔಷಧದಿಂದ ಇವು ಹೆಚ್ಚಿದವೇ, ಕಡಿಮೆಯಾದವೇ ಎಂದು ಇಲಿಯಂತಹ ಪ್ರಾಣಿಗಳಲ್ಲಿ ಅಳೆದು ನೋಡಬೇಕಾಗುತ್ತದೆ.

ತೊಡಕು ಇರುವುದು ಇಲ್ಲೇ. ಅಂಗಾಂಶವನ್ನು ಮಿಲಿಮೀಟರಿನ ಸಾವಿರದ ಐದು ಭಾಗದಷ್ಟು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಟಾಣಿ, ಸಾಸಿವೆ ಎರಡೂ ಹತ್ತು ಹತ್ತು ಕಾಳು ಇರುವ ರವೆ ಇಡ್ಲಿಯನ್ನು ಹಾಗೆಯೇ ತೆಳುವಾಗಿ ಸೀಳಿ ನೋಡೋಣ. ಒಂದೇ ಬಟಾಣಿ ಹಲವು ಬಿಲ್ಲೆಗಳಲ್ಲಿ ಕಾಣುತ್ತದೆ, ಸಾಸಿವೆ ಒಂದೆರಡರಲ್ಲಿ ಮಾತ್ರ. ಎಣಿಸಿದವನು ಬಟಾಣಿಯೇ ಹೆಚ್ಚು ಎಂದಾನು! ಕೋಶಗಳು ಊದಿಕೊಂಡರೂ ಹೀಗೆಯೇ ‘ಹೆಚ್ಚಿದಂತೆ’ ಕಾಣುತ್ತವೆ. ಕರುಳು ಕುಗ್ಗಿದರೂ ಅಷ್ಟೇ: ಅಷ್ಟೇ ಕೋಶಗಳು ಒತ್ತಾಗಿ ಕಾಣುತ್ತವೆ.

ಇದಕ್ಕೆ 1984ರಲ್ಲಿ ಪ್ರಕಟವಾದ ‘ಡೈಸೆಕ್ಟರ್’ ವಿಧಾನ ಸರಳ ಪರಿಹಾರ ಕೊಟ್ಟಿತು. ಬರೆದವರ ಹೆಸರು ಡಿ.ಸಿ. ಸ್ಟೀರಿಯೊ. ಅದು ‘ಡೈಸೆಕ್ಟರ್’ನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಇಟ್ಟುಕೊಂಡ ಗುಪ್ತನಾಮ! ಪಕ್ಕಪಕ್ಕದ ಎರಡು ಬಿಲ್ಲೆಗಳನ್ನು ಹೋಲಿಸಿ, ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದ ಕೋಶಗಳನ್ನಷ್ಟೇ ಎಣಿಸಬೇಕು. ದೊಡ್ಡದಿರಲಿ, ಚಿಕ್ಕದಿರಲಿ, ಪ್ರತಿ ಕಾಳೂ ಮುಗಿಯುವುದು ಒಂದೇ ಸಲ ತಾನೆ? ಹಾಗಾಗಿ ಪ್ರತಿ ಕೋಶವೂ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಅಂಗದ ಒಟ್ಟು ಗಾತ್ರಕ್ಕೆ 17ನೇ ಶತಮಾನದ ಇಟಲಿಯ ಗಣಿತಜ್ಞ ಕವಲಿಯೇರಿಯ ಸೂತ್ರವಿದೆ: ಸಮದೂರದಲ್ಲಿ ತೆಗೆದ ಬಿಲ್ಲೆಗಳ ವಿಸ್ತೀರ್ಣಗಳನ್ನು ಕೂಡಿ, ಅವುಗಳ ನಡುವಿನ ದೂರದಿಂದ ಗುಣಿಸುವುದು. ಎರಡೂ ಲೆಕ್ಕ ಸೇರಿದರೆ ಇಡೀ ಅಂಗದ ಕೋಶಗಳ ಸಂಖ್ಯೆ ಸಿಗುತ್ತದೆ.

ಒಂದು ಔಷಧ ನಿಜಕ್ಕೂ ಕೋಶಗಳನ್ನು ಹೆಚ್ಚಿಸಿತೇ, ಬರಿಯ ಊದಿಸಿತೇ? ಈ ಎರಡರ ನಡುವಿನ ಅಂತರ ತಿಳಿಯದೆ ಕೊಟ್ಟ ತೀರ್ಪು ನಾಳೆ ರೋಗಿಗೇ ದುಬಾರಿಯಾದೀತು. ಸರಿಯಾಗಿ ಎಣಿಸುವುದೂ ಚಿಕಿತ್ಸೆಯ ಒಂದು ಭಾಗವೇ.