ಹೆಂಡತಿಯ ದಿನ ಗಂಡನ ಖಾತೆಗಿಲ್ಲ!

ಇಲ್ಲಿ ರಾತ್ರಿ ಎಂಟೂವರೆಗೆ ಜವಳಿ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಕೆನಡಾದ ಟೊರೊಂಟೊದಲ್ಲಿ ಬೆಳಗಿನ ಹತ್ತೋ ಹನ್ನೊಂದೋ. ಗಂಡ ಇಲ್ಲಿ, ಹೆಂಡತಿ ಅಲ್ಲಿ. 'ಊಟ ಆಯ್ತೇನ್ರೀ?' 'ನಿಂದು ತಿಂಡಿ ಆಯ್ತಾ?' ಫೋನಿನಲ್ಲೇ ಸಂಸಾರ. ಇಂಥ ಸಂಸಾರ ಈಗ ಜಿಲ್ಲೆಯ ಪೇಟೆಗಳಿಗೂ ಹೊಸದಲ್ಲ.

ಉದಾಹರಣೆಗೆ ಒಂದು ಜೋಡಿಯನ್ನೇ ತೆಗೆದುಕೊಳ್ಳಿ. ಇಬ್ಬರೂ ಕೆನಡಾದ ಕಾಯಂ ನಿವಾಸಿಗಳು, ಒಟ್ಟಿಗೇ ಹೋಗಿ ಇಳಿದವರು. ಎರಡೇ ತಿಂಗಳಿಗೆ ತಾಯಿಗೆ ಹುಷಾರಿಲ್ಲವೆಂದು ಗಂಡ ಊರಿಗೆ ಬಂದ. ಅಂಗಡಿಯೂ ಕೊರಳಿಗೆ ಬಿತ್ತು. 'ಅವಳು ಅಲ್ಲೇ ಇದ್ದಾಳಲ್ಲ, ನನ್ನ ಕಾರ್ಡಿಗೇನಾಗುತ್ತೆ?' ಎಂಬ ಧೈರ್ಯ ಬೇರೆ. ಎಡವುವುದು ಇಲ್ಲೇ!

ಆ ದೇಶದ 2001ರ ವಲಸೆ ಕಾಯಿದೆ ಕೇಳುವುದು ಪ್ರತಿ 5 ವರ್ಷಕ್ಕೆ 730 ದಿನದ ವಾಸ. ಒಂದೇ ಪಟ್ಟಿಗೆ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿ ಇದ್ದರೂ ಸೈ. ಆದರೆ ಖಾತೆ ಒಬ್ಬೊಬ್ಬರದು ಬೇರೆ. ಹೆಂಡತಿ ಮೂರು ಚಳಿಗಾಲ ಹಿಮ ಬಾಚಿದರೂ ಗಂಡನ ಖಾತೆಗೆ ಒಂದು ದಿನ ಜಮಾ ಆಗದು. ಐದು ವರ್ಷದ 1825 ದಿನದಲ್ಲಿ 730 ಕಳೆದರೆ ಹೊರಗಿರಲು ಸಿಗುವುದು 1095. ಅಂದರೆ ಈ ಗಂಡ ಮೊದಲು ಇಳಿದ ದಿನದಿಂದ ಮೂರು ವರ್ಷ ಎರಡು ತಿಂಗಳೊಳಗೆ ಮತ್ತೆ ವಿಮಾನ ಹತ್ತಿ, ಅಲ್ಲೇ ನಿಲ್ಲಬೇಕು.

ಹೆಂಡತಿ ಅಲ್ಲಿನ ಪೌರಳಾದರೆ? ಆಗಲೂ ಅವಳು ಅಲ್ಲಿ, ಇವನು ಇಲ್ಲಿ ಇದ್ದರೆ ಸೊನ್ನೆಯೇ. ಪೌರಳಾದ ಹೆಂಡತಿಯ ಜೊತೆ ಹೊರದೇಶದಲ್ಲಿ ಒಂದೇ ಮನೆಯಲ್ಲಿ ಬಾಳಿದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೆನಡಾ ಕಂಪನಿಯೊಂದು ಪೂರ್ಣಾವಧಿ ಕೆಲಸದ ಮೇಲೆ ಹೊರಗೆ ಕಳಿಸಿದ ಕಾಯಂ ನಿವಾಸಿಯ ಜೊತೆಗಿದ್ದರೂ ಹಾಗೇ. ಕಾಯಿದೆಗೆ ಬೇಕಾದ್ದು ತಾಳಿಯಲ್ಲ, ಜೊತೆಗಿದ್ದ ದಿನ.

ದಿನ ಕಡಿಮೆ ಬಿದ್ದ ಕೂಡಲೇ ಹಕ್ಕು ತಾನಾಗಿ ಹೋಗದು. ಕಾರ್ಡಿನ ಅವಧಿ ಮುಗಿದರೂ ಹೋಗದು. ಕಾರ್ಡು ಇಲ್ಲದವ ಮರಳಿ ಹೋಗಲು ಪ್ರಯಾಣ ಪತ್ರ ಕೇಳಿದಾಗ ಅಧಿಕಾರಿ ಬೆರಳು ಮಡಿಚಿ ಎಣಿಸುತ್ತಾನೆ. 'ಇಲ್ಲ' ಅಂದರೆ 60 ದಿನದಲ್ಲಿ ಮೇಲ್ಮನವಿ. ತಾಯಿಯ ಕಾಯಿಲೆ, ಮಕ್ಕಳ ಹಿತ ಇವನ್ನು ಹೇಳಿಕೊಳ್ಳಬಹುದು, ಒಪ್ಪಲೇಬೇಕೆಂದಿಲ್ಲ.

ಅಂಗಡಿಯ ರೋಕಡ ಪುಸ್ತಕವನ್ನು ದಿನಾ ನೋಡುವವರು ಪಾಸ್‌ಪೋರ್ಟನ್ನೂ ಒಮ್ಮೆ ತೆಗೆದು, ಹೋದ ತಾರೀಕು, ಬಂದ ತಾರೀಕು ಬರೆದು ಕೂಡಿಸಲಿ. ತಾಯಿಯನ್ನು ಯಾರು ನೋಡಿಕೊಳ್ಳಬೇಕು, ಅಂಗಡಿ ಯಾರಿಗೆ ಬಿಡಬೇಕು ಎಂಬುದು ಆಮೇಲೂ ಉಳಿಯುವ ಪ್ರಶ್ನೆ. ಆದರೆ ಅದನ್ನು ಗಂಡ ಹೆಂಡತಿ ಕೂತು ತೀರ್ಮಾನಿಸಬೇಕೇ ಹೊರತು, ಕ್ಯಾಲೆಂಡರ್ ಅಲ್ಲ.